ಭತ್ತದ ರಾಶಿಯಲ್ಲಿ ಹೂತಿಟ್ಟ ಭರಣಿ

ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡೆಯಿಂದ ಆನೆಗೊಂದಿ, ಗಂಗಾವತಿ ದಾಟಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾದವರೆಗಿನ ಸೀಮೆಯಲ್ಲಿ ಜನರ ಕುಡಿತವೆಂದರೆ ಈಚಲ ಮರದ ಸಿಂದಿ ಮತ್ತು ಭಟ್ಟಿಯ ಸಾರಾಯಿ ಆಗಿತ್ತು. ಸಿಂದಿಗೆ ಮೂಲಿಕೆಯ ಹಂಗಿರಲಿಲ್ಲ. ದಖ್ಖನ್ನಿನ ಒಣನಾಡುಗಳಲ್ಲಿ ಬೆಲ್ಲದ ಸಾರಾಯಿಗೆ ಬಿಳಿಜಾಲಿಯ ತೊಗಟೆ ಹಾಕುವ ರೂಢಿಯಿತ್ತು. ತೊಗಟೆಯ ಒಗರು ಕಲ್ಮಷವನ್ನು ತಳಕ್ಕಿಳಿಸುತ್ತಿತ್ತು. ಆದರೆ ರುಚಿ, ಗುಣ ಎರಡಕ್ಕೂ ಮೂಲಿಕೆಯನ್ನೇ ನಂಬಿದ ಮದ್ಯ ಬೇರೆ: ಅದು ವೈದ್ಯರ ಆಸವ, ಅರಿಷ್ಟ.

ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಚರಕಸಂಹಿತೆಯ ಸೂತ್ರಸ್ಥಾನ ಧಾನ್ಯ, ಹಣ್ಣು, ಬೇರು, ಚೇಗು, ಹೂ, ಕಾಂಡ, ಎಲೆ, ತೊಗಟೆ, ಸಕ್ಕರೆ ಎಂಬ 9 ಮೂಲಗಳಿಂದ 84 ಆಸವಗಳನ್ನು ಹೇಳುತ್ತದೆ. 1112ರಲ್ಲಿ ಇಟಗಿಯ ಮಹಾದೇವ ದೇವಾಲಯ ಕಟ್ಟಿಸಿದ ಕಾಲಕ್ಕೆ ಈ ಸೀಮೆ ಕಲ್ಯಾಣದ ಚಾಲುಕ್ಯರದು. ಅದೇ ವಂಶದ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮದಿರಾಪಾನವನ್ನು ಅರಸನ ಕ್ರೀಡೆಗಳ ಸಾಲಿಗೆ ಸೇರಿಸಿದ. ಅರಮನೆಗೆ ವಿನೋದವಾದದ್ದು ವೈದ್ಯನ ಮನೆಯಲ್ಲಿ ಮದ್ದಾಗಿತ್ತು.

ಮಾಡುವ ಬಗೆಯನ್ನು ಶಾರ್ಙ್ಗಧರ ಸಂಹಿತೆ ಖಚಿತವಾಗಿ ತಿಳಿಸುತ್ತದೆ. ಮೂಲಿಕೆಯನ್ನು ಕುದಿಸದೆ ನೀರಿಗೆ ಹಾಕಿದರೆ ಆಸವ, ಕಷಾಯ ಕಾಸಿ ಹುಳಿಸಿದರೆ ಅರಿಷ್ಟ. ಅಳತೆ ಹೇಳದ ಕಡೆ ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಬೆಲ್ಲದ ಅರ್ಧದಷ್ಟು ಜೇನು, ಹತ್ತನೇ ಒಂದು ಪಾಲು ಮೂಲಿಕೆಯ ಪುಡಿ. ಇಂದಿನ ಲೆಕ್ಕಕ್ಕೆ ಸುಮಾರು 12 ಲೀಟರಿಗೆ 4.8 ಕಿಲೋ ಬೆಲ್ಲ. ಹುಳಿಯೇರಲು ಧಾತಕಿಯ ಕೆಂಪು ಹೂ ಬೇಕು. ಒಳಗೆ ತುಪ್ಪ ಸವರಿದ ಪಾತ್ರೆಗೆ ಇದನ್ನು ತುಂಬಿ, ಬಾಯಿಗೆ ಬಟ್ಟೆ ಸುತ್ತಿ, ಮಣ್ಣು ಮೆತ್ತಿ ಧಾನ್ಯದ ರಾಶಿಯಲ್ಲಿ ಹೂಳುತ್ತಾರೆ. ರಾಶಿಯೊಳಗಿನ ಕಾವು ಹಗಲಿರುಳು ಹೆಚ್ಚು ಏರಿಳಿಯದು. ಹುಳಿಯುವ ಕೆಲಸಕ್ಕೆ ಬೇಕಾದದ್ದು ಅದೇ. ವಿಜಯನಗರದ ಕಾಲುವೆಗಳು ಇಂದಿಗೂ ಭತ್ತದ ಗದ್ದೆಗೆ ನೀರುಣಿಸುವ ಆನೆಗೊಂದಿಯ ಬಯಲಿಗೆ ಇದಕ್ಕಿಂತ ಒಪ್ಪುವ ವಿಧಾನ ಇನ್ನೊಂದಿಲ್ಲ.

ಅರಿಷ್ಟ ನಾಲಿಗೆಗೆ ಸುಲಭವಾಗಿ ಒಲಿಯುವುದಿಲ್ಲ. ಮೊದಲು ಬೆಲ್ಲದ ಸಿಹಿ, ಹಿಂದೆಯೇ ಹುಳಿ, ಆಮೇಲೆ ಬಹಳ ಹೊತ್ತು ನಿಲ್ಲುವ ಒಗರು. ಹಿಪ್ಪಲಿಯಿದ್ದರೆ ಗಂಟಲಲ್ಲಿ ಖಾರ. ಹಾಗಾಗಿಯೇ ಊಟದ ಮೇಲೆ, 15ರಿಂದ 30 ಮಿಲಿಲೀಟರ್, ಅಷ್ಟೇ ನೀರು ಬೆರೆಸಿ ಎಂಬ ಪಾಠ ರೂಢಿಯಾಯಿತು. ಚರಕ ಇನ್ನೂ ಸೂಕ್ಷ್ಮ: ಮದಾತ್ಯಯದ, ಅಂದರೆ ಕುಡಿತದಿಂದ ಬರುವ ಕಾಯಿಲೆಯ, ಅಧ್ಯಾಯದಲ್ಲಿ ವಾತಪ್ರಕೃತಿಯವರಿಗೆ ಜಿಡ್ಡಿನ ಬಿಸಿ ಆಹಾರದೊಂದಿಗೆ, ಪಿತ್ತದವರಿಗೆ ತಂಪು, ಸಿಹಿಯೊಂದಿಗೆ ಮದ್ಯ ಹೇಳಿದೆ. ಮದ್ದನ್ನೂ ಮದವನ್ನೂ ಬೇರ್ಪಡಿಸಿದ್ದು ಮೂಲಿಕೆಗಿಂತ ಹೆಚ್ಚಾಗಿ ಈ ಅಳತೆಯೇ. ಹೆಂಡ ಮುಟ್ಟದ ಮನೆಯಲ್ಲೂ ಬಾಣಂತಿಗೆ ದಶಮೂಲಾರಿಷ್ಟ ಸಂಕೋಚವಿಲ್ಲದೆ ಬಂದದ್ದು ಹೀಗೆ.

ಕಾನೂನು ಕೂಡ ಈ ಗೆರೆಯನ್ನು ಹಿಡಿಯಿತು. ಹಿಂದೆ ನಿಜಾಮರದಾಗಿದ್ದ ರಾಯಚೂರು ಜಿಲ್ಲೆಯ ಈ ಭಾಗ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮದ್ಯಸಾರವಿರುವ ಔಷಧಗಳ ಸುಂಕಕ್ಕೆ ಅದರ ಹಿಂದಿನ ವರ್ಷವೇ ಕೇಂದ್ರದ ಕಾಯಿದೆ ಬಂದಿತ್ತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅರಿಷ್ಟ ಔಷಧದಂಗಡಿಯಲ್ಲಿ ಉಳಿಯಿತು. ಹುಳಿಯುವಾಗ ತಾನಾಗಿ ಹುಟ್ಟಿದ ಮದ್ಯಸಾರ ಶೇ. 12 ಮೀರಿಲ್ಲವೆಂದು ಅದರ ಹಲವು ಶೀಶೆಗಳ ಮೇಲೆ ಬರೆದಿರುತ್ತದೆ. ಚೂರ್ಣ, ಲೇಹ್ಯಗಳು ಹಳತಾದಷ್ಟೂ ಸತ್ವ ಕಳೆದುಕೊಂಡರೆ, ಆಸವಾರಿಷ್ಟಗಳು ಹಳತಾದಷ್ಟೂ ಗುಣಶಾಲಿಯೆಂದು ಶಾರ್ಙ್ಗಧರನ ಮತ.