ಹಾಲುಹಲ್ಲುಗಳ ಪತನ ಮತ್ತು ಶಾಶ್ವತದಂತಗಳ ಉದಯ

ಮನುಷ್ಯನ ಬಾಯಿಯಲ್ಲಿ ಹಲ್ಲುಗಳು ಎರಡು ಬಾರಿ ಮೂಡುತ್ತವೆ. ಶೈಶವದಲ್ಲಿ ಮೂಡಿ ಬಾಲ್ಯ ಮುಗಿಯುವುದರೊಳಗೆ ಉದುರಿಹೋಗುವ 20 ಹಾಲುಹಲ್ಲುಗಳದು ಮೊದಲ ಪಂಕ್ತಿ. ಅವುಗಳ ಸ್ಥಾನವನ್ನೂ ಅವುಗಳ ಹಿಂದಣ ಪ್ರದೇಶವನ್ನೂ ತುಂಬಿ ಜೀವಮಾನಪರ್ಯಂತ ಉಳಿಯಬೇಕಾದ 32 ಶಾಶ್ವತದಂತಗಳದು ಎರಡನೆಯದು. ಈ ಸ್ಥಾನಾಂತರ ಸುಮಾರು 6ನೆಯ ವರ್ಷದಲ್ಲಿ ಆರಂಭವಾಗಿ 12–13ನೆಯ ವರ್ಷದವರೆಗೆ ನಡೆಯುತ್ತದೆ. ಸಡಿಲಗೊಂಡ ಹಲ್ಲು ಒಂದು ದಿನ ಕೈಗೆ ಬರುವುದಷ್ಟೇ ಹೊರಗಣ್ಣಿಗೆ ಕಾಣುವುದಾದರೂ ಅದಕ್ಕೆ ಮುನ್ನ ದವಡೆಯೊಳಗೆ ವರ್ಷಗಟ್ಟಲೆ ಸಿದ್ಧತೆ ನಡೆದಿರುತ್ತದೆ. ಹಾಲುಹಲ್ಲು ಬೀಳುವುದು ಕ್ಷಯವೂ ಅಲ್ಲ, ಆಕಸ್ಮಿಕವೂ ಅಲ್ಲ, ದೇಹದ ಬೆಳವಣಿಗೆಯ ಒಂದು ಕ್ರಮಬದ್ಧ ಅಂಗ.

ಎರಡು ಪಂಕ್ತಿಗಳ ಅಗತ್ಯ: ದವಡೆಯ ಮೂಳೆ ಬೆಳೆಯಬಲ್ಲುದು, ಹಲ್ಲಿನ ಶಿರೋಭಾಗ ಒಮ್ಮೆ ರೂಪುಗೊಂಡ ಮೇಲೆ ಬೆಳೆಯಲಾರದು. ಎನಾಮೆಲನ್ನು ನಿರ್ಮಿಸುವ ಜೀವಕೋಶಗಳು ತಮ್ಮ ಕಾರ್ಯ ಮುಗಿದೊಡನೆ ಸಂಕುಚಿಸಿ, ಹಲ್ಲು ಹೊರಬರುವಾಗ ನಷ್ಟವಾಗುವುದರಿಂದ ಮುಂದೆ ಎನಾಮೆಲಿಗೆ ವೃದ್ಧಿಯಾಗಲಿ ದುರಸ್ತಿಯಾಗಲಿ ಇಲ್ಲ. ಆದುದರಿಂದ ಶಿಶುವಿನ ಕಿರಿದಾದ ದವಡೆಗೆ ಕಿರಿದಾದ ಹಲ್ಲುಗಳೂ ಬೆಳೆದ ದವಡೆಗೆ ದೊಡ್ಡ ಹಲ್ಲುಗಳೂ ಬೇರೆಬೇರೆಯಾಗಿಯೇ ಒದಗಬೇಕಾಯಿತು. ಬಹುತೇಕ ಸಸ್ತನಿಗಳದು ಇದೇ ವ್ಯವಸ್ಥೆ. ಶಾರ್ಕ್ ಮೀನು ಮತ್ತು ಮೊಸಳೆಗಳಲ್ಲಾದರೋ ಹಲ್ಲುಗಳು ಆಯುಷ್ಯದುದ್ದಕ್ಕೂ ಉದುರಿ ಹುಟ್ಟುತ್ತಿರುತ್ತವೆ. ಆನೆಯ ದವಡೆಯ ಪ್ರತಿ ಪಾರ್ಶ್ವದಲ್ಲಿ ಆರು ಅರೆಯುವ ಹಲ್ಲುಗಳು ಒಂದರ ಅನಂತರ ಒಂದಾಗಿ ಹಿಂದಿನಿಂದ ಮುಂದಕ್ಕೆ ಸರಿದುಬರುತ್ತವೆ.

ಗರ್ಭದಲ್ಲಿ ಆರಂಭ: ಭ್ರೂಣಕ್ಕೆ ಸುಮಾರು ಆರು ವಾರ ತುಂಬುವಾಗ ಬಾಯಿಯ ಒಳಪೊರೆ ದವಡೆಯ ಅಂಚಿನುದ್ದಕ್ಕೂ ದಪ್ಪಗಾಗಿ ಒಳಗಿಳಿದು ಪಟ್ಟಿಯೊಂದು ರೂಪುಗೊಳ್ಳುತ್ತದೆ. ಈ ಪಟ್ಟಿಯಿಂದ ಮೊದಲು ಹಾಲುಹಲ್ಲುಗಳ ಮೊಗ್ಗುಗಳೂ, ಅವುಗಳ ನಾಲಗೆಯ ಕಡೆಯ ಮಗ್ಗುಲಲ್ಲಿ ಮುಂದೆ ಉತ್ತರಾಧಿಕಾರಿಗಳಾಗತಕ್ಕ 20 ಶಾಶ್ವತದಂತಗಳ ಮೊಗ್ಗುಗಳೂ ಹುಟ್ಟುತ್ತವೆ. ಉಳಿದ 12, ಎಂದರೆ ಪ್ರತಿ ಪಾರ್ಶ್ವದ ಮೂರು ಮೂರು ದವಡೆಹಲ್ಲುಗಳು, ಪಟ್ಟಿ ಹಿಂದಕ್ಕೆ ಚಾಚಿದ ಭಾಗದಿಂದ ಹುಟ್ಟುವುದರಿಂದ ಅವಕ್ಕೆ ಪೂರ್ವಾಧಿಕಾರಿಗಳಿಲ್ಲ. ಮೊದಲ ಶಾಶ್ವತ ದವಡೆಹಲ್ಲು ಗಟ್ಟಿಯಾಗತೊಡಗುವುದು ಶಿಶು ಹುಟ್ಟುವ ಸುಮಾರಿಗೆ. ಹೀಗೆ ಆರು ವರ್ಷದಲ್ಲಿ ಕಾಣಿಸಿಕೊಳ್ಳುವ ಹಲ್ಲಿನ ವಯಸ್ಸು ಮಗುವಿನ ವಯಸ್ಸಿನಷ್ಟೇ ಆಗಿರುತ್ತದೆ.

ಬೇರು ಕರಗುವ ಬಗೆ: ಬಿದ್ದ ಹಾಲುಹಲ್ಲನ್ನು ನೋಡಿದವರು ಅದಕ್ಕೆ ಬೇರೇ ಇರಲಿಲ್ಲವೆಂದು ಭಾವಿಸುವುದುಂಟು, ವಾಸ್ತವವಾಗಿ ಬೇರು ಇದ್ದು, ಕರಗಿಹೋಗಿರುತ್ತದೆ. ಶಾಶ್ವತದಂತವನ್ನು ಸುತ್ತುವರಿದ ಚೀಲದಂಥ ಕೋಶದ ಪ್ರಭಾವದಿಂದ ಅನೇಕ ಕೇಂದ್ರಗಳುಳ್ಳ ದೊಡ್ಡ ಜೀವಕೋಶಗಳು ಹಾಲುಹಲ್ಲಿನ ಬೇರಿನ ಮೇಲೆ ನೆಲಸಿ, ಆಮ್ಲದಿಂದ ಅದರ ಖನಿಜಾಂಶವನ್ನೂ ಕಿಣ್ವಗಳಿಂದ ಉಳಿದ ದ್ರವ್ಯವನ್ನೂ ಕರಗಿಸುತ್ತವೆ. ಬಾಚಿಹಲ್ಲುಗಳಲ್ಲಿ ಈ ಕ್ರಿಯೆ ಬೇರಿನ ನಾಲಗೆಯ ಕಡೆಯ ಮಗ್ಗುಲಲ್ಲಿಯೂ, ದವಡೆಹಲ್ಲುಗಳಲ್ಲಿ ಕವಲೊಡೆದ ಬೇರುಗಳ ಒಳಮೈಯಲ್ಲಿಯೂ ಮೊದಲಾಗುತ್ತದೆ. ಹೊಸ ಹಲ್ಲು ಇರುವುದು ಅಲ್ಲಿಯೇ. ಕರಗುವಿಕೆ ಏಕಪ್ರಕಾರವಾಗಿ ಸಾಗದೆ ನಡುನಡುವೆ ನಿಂತು, ತುಸು ದುರಸ್ತಿಯೂ ಆಗುವುದರಿಂದಲೇ ಅಲುಗಾಡುತ್ತಿದ್ದ ಹಲ್ಲು ಕೆಲಕಾಲ ಮತ್ತೆ ಬಿಗಿಯಾದಂತೆ ತೋರುವುದುಂಟು. ಕೆಳಗಿನಿಂದ ಬರುವ ಹಲ್ಲಿನ ಒತ್ತಡವೇ ಇದಕ್ಕೆಲ್ಲ ಕಾರಣವೆನ್ನಲಾಗದು: ಉತ್ತರಾಧಿಕಾರಿಯೇ ಇಲ್ಲದ ಹಾಲುಹಲ್ಲಿನ ಬೇರು ಕೂಡ ಬಹು ನಿಧಾನವಾಗಿಯಾದರೂ ಕರಗುವುದುಂಟು, ಅಗಿಯುವ ಬಲವೂ ಇದರಲ್ಲಿ ಪಾಲುಗೊಳ್ಳುತ್ತದೆ.

ಹೊಸ ಹಲ್ಲಿನ ಪಯಣ: ಶಾಶ್ವತದಂತ ಮೇಲೇರಬೇಕಾದರೆ ಮುಂದಿನ ಮೂಳೆ ಕರಗಿ ದಾರಿಯಾಗಬೇಕು, ಹಿಂದೆ ಹೊಸ ಮೂಳೆ ಕಟ್ಟಿಬರಬೇಕು. ಈ ಎರಡು ಕಾರ್ಯಗಳನ್ನೂ ನಿಯಂತ್ರಿಸುವುದು ಹಲ್ಲನ್ನು ಸುತ್ತಿರುವ ಕೋಶವೇ ಹೊರತು ಹಲ್ಲಲ್ಲ ಎಂಬುದನ್ನು ಅಮೆರಿಕದ ಸಂಶೋಧಕರಾದ ಕಾಹಿಲ್ ಮತ್ತು ಮಾರ್ಕ್ಸ್ 1980ರ ದಶಕದಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು: ಕೋಶವನ್ನು ಉಳಿಸಿ, ಒಳಗಿನ ಹಲ್ಲನ್ನು ತೆಗೆದು ಅದರ ಜಾಗದಲ್ಲಿ ನಿರ್ಜೀವವಾದ ಪ್ರತಿರೂಪವನ್ನಿಟ್ಟಾಗಲೂ ಅದು ಹಲ್ಲಿನಂತೆಯೇ ಮೇಲೆದ್ದುಬಂದಿತು. ಹಲ್ಲು ಒಸಡನ್ನು ಭೇದಿಸುವಾಗ ಬೇರು ಮುಕ್ಕಾಲು ಭಾಗದಷ್ಟೇ ಬೆಳೆದಿರುತ್ತದೆ; ಅದು ಪೂರ್ಣವಾಗಲು ಇನ್ನೂ ಎರಡು ಮೂರು ವರ್ಷ ಬೇಕು.

ಅನುಕ್ರಮ: ಸುಮಾರು 6ನೆಯ ವರ್ಷದಲ್ಲಿ ಹಾಲಿನ ಕೊನೆಯ ದವಡೆಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. 6–7ರಲ್ಲಿ ಕೆಳಗಿನ ನಡುವಣ ಬಾಚಿಹಲ್ಲುಗಳೂ, 7–8ರಲ್ಲಿ ಮೇಲಿನ ನಡುವಣ ಹಾಗೂ ಕೆಳಗಿನ ಪಕ್ಕದ ಬಾಚಿಹಲ್ಲುಗಳೂ, 8–9ರಲ್ಲಿ ಮೇಲಿನ ಪಕ್ಕದವೂ ಮೂಡುತ್ತವೆ. ಬಳಿಕ ಸುಮಾರು ಒಂದು ವರ್ಷ ಬದಲಾವಣೆ ಕಡಿಮೆ. 9–12ರ ನಡುವೆ ಕೆಳಗಿನ ಕೋರೆಹಲ್ಲುಗಳೂ, ಹಾಲಿನ ದವಡೆಹಲ್ಲುಗಳ ಜಾಗದಲ್ಲಿ ಎಂಟು ಮುಂದವಡೆ ಹಲ್ಲುಗಳೂ, 11–12ರಲ್ಲಿ ಮೇಲಿನ ಕೋರೆಹಲ್ಲುಗಳೂ, 11–13ರಲ್ಲಿ ಎರಡನೆಯ ದವಡೆಹಲ್ಲುಗಳೂ ಬರುತ್ತವೆ. ಕೊನೆಯ ಬುದ್ಧಿಹಲ್ಲುಗಳ ಕಾಲ 17–21. ಕೆಲವರಲ್ಲಿ ಅವು ಹುಟ್ಟುವುದೇ ಇಲ್ಲ. ಹೆಣ್ಣುಮಕ್ಕಳಲ್ಲಿ ಈ ಕ್ರಮ ಕೆಲವು ತಿಂಗಳು ಮುಂದಾಗಿರುವುದು ಸಾಮಾನ್ಯ. ಕಾಲದಲ್ಲಿ ಆರು ತಿಂಗಳು ಹೆಚ್ಚುಕಡಿಮೆಯಾದರೆ ಆತಂಕಕ್ಕೆ ಕಾರಣವಿಲ್ಲ.

ಮಿಶ್ರದಂತಾವಸ್ಥೆ: ಎರಡೂ ಪಂಕ್ತಿಯ ಹಲ್ಲುಗಳು ಕೂಡಿರುವ ಈ ಕಾಲದಲ್ಲಿ ಮಗುವಿನ ಮುಖ ತಾಯಿತಂದೆಯರಿಗೆ ಚಿಂತೆ ತರುವುದುಂಟು. ಹೊಸ ಬಾಚಿಹಲ್ಲುಗಳು ಮುಖಕ್ಕೆ ಹಿರಿದಾಗಿ, ಅಂಚಿನಲ್ಲಿ ಮೂರು ಸಣ್ಣ ಉಬ್ಬುಗಳುಳ್ಳವಾಗಿ, ಒಳಗಿನ ಡೆಂಟಿನ್ ದಪ್ಪವಾಗಿರುವುದರಿಂದ ಹಾಲುಹಲ್ಲುಗಳಿಗಿಂತ ಹಳದಿಯಾಗಿ ಕಾಣುತ್ತವೆ; ಮೇಲಿನ ಎರಡು ಬಾಚಿಹಲ್ಲುಗಳ ನಡುವಣ ಸಂದು ಕೋರೆಹಲ್ಲು ಇಳಿದುಬಂದಾಗ ಬಹುಮಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಳಗಿನ ಹೊಸ ಬಾಚಿಹಲ್ಲುಗಳು ಹಳೆಯವು ಬೀಳುವ ಮೊದಲೇ ಹಿಂದೆ ಎರಡನೆಯ ಸಾಲಾಗಿ ಮೂಡಿದರೂ, ಹಳೆಯವು ಕಳಚಿದ ಬಳಿಕ ನಾಲಗೆಯ ಒತ್ತಡ ಅವನ್ನು ಸಾಮಾನ್ಯವಾಗಿ ಮುಂದಕ್ಕೆ ತರುತ್ತದೆ. ಹಾಲಿನ ದವಡೆಹಲ್ಲುಗಳು ತಮ್ಮ ಸ್ಥಾನಕ್ಕೆ ಬರುವ ಮುಂದವಡೆ ಹಲ್ಲುಗಳಿಗಿಂತ ಅಗಲವಾದುವು. ಹೀಗೆ ಉಳಿಯುವ ಅಲ್ಪ ಸ್ಥಳ ಪಂಕ್ತಿ ಹೊಂದಿಕೊಳ್ಳಲು ನೆರವಾಗುತ್ತದೆ.

ಇತಿಹಾಸದಲ್ಲಿ: ಶಿಶುವೈದ್ಯವನ್ನು ವಿವರಿಸುವ ಪ್ರಾಚೀನ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಹುಟ್ಟುವುದನ್ನು ಕುರಿತೇ ಒಂದು ಅಧ್ಯಾಯವಿದ್ದು, 32 ಹಲ್ಲುಗಳಲ್ಲಿ ಎಂಟು ಒಮ್ಮೆ ಮಾತ್ರ, ಉಳಿದವು ಎರಡು ಬಾರಿ ಹುಟ್ಟುವುವೆಂದು ಹೇಳಿದೆ. ಒಮ್ಮೆ ಹುಟ್ಟುವುವು 12 ಎಂಬುದು ಇಂದಿನ ಲೆಕ್ಕವಾದರೂ ಈ ವಿಭಾಗವನ್ನು ಆ ಕಾಲದಲ್ಲಿಯೇ ಗುರುತಿಸಿದ್ದು ಗಮನಾರ್ಹ. ಇಂಗ್ಲೆಂಡಿನಲ್ಲಿ 1833ರ ಕಾಯಿದೆ ಎಳೆಯ ಮಕ್ಕಳನ್ನು ಗಿರಣಿಗಳಲ್ಲಿ ದುಡಿಸುವುದನ್ನು ನಿರ್ಬಂಧಿಸಿದಾಗ, ಸುಳ್ಳು ವಯಸ್ಸನ್ನು ಬಯಲಿಗೆಳೆಯಲು ಹಲ್ಲುಗಳೇ ಸಾಕ್ಷಿಯಾಗಬಲ್ಲವೆಂದು ದಂತವೈದ್ಯ ಎಡ್ವಿನ್ ಸಾಂಡರ್ಸ್ 1837ರಲ್ಲಿ ವಾದಿಸಿದನು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ ಮಕ್ಕಳ ಬಿದ್ದ ಹಲ್ಲುಗಳನ್ನು ಲಕ್ಷಗಟ್ಟಲೆ ಸಂಗ್ರಹಿಸಿ, ಪರಮಾಣು ಅಸ್ತ್ರಪರೀಕ್ಷೆಗಳಿಂದ ಹಾಲಿನ ಮೂಲಕ ದೇಹ ಸೇರಿದ ವಿಕಿರಣಶೀಲ ಸ್ಟ್ರಾನ್ಷಿಯಂ–90ರ ಪ್ರಮಾಣವನ್ನು ಅಳೆದರು. 1963ರ ಪರೀಕ್ಷಾನಿಷೇಧ ಒಪ್ಪಂದಕ್ಕೆ ಪೂರಕವಾದ ಜನಾಭಿಪ್ರಾಯ ರೂಪುಗೊಳ್ಳಲು ಈ ಸಮೀಕ್ಷೆಯೂ ನೆರವಾಯಿತು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಪ್ರಚಲಿತವಾಗಿದೆ.

ತೊಡಕುಗಳು ಮತ್ತು ಪಾಲನೆ: ಹೇಗೂ ಬೀಳುವ ಹಲ್ಲಿಗೆ ಉಪಚಾರವೇಕೆ ಎಂಬ ಮಾತು ಬಹಳ ಕೇಡಿಗೆ ಕಾರಣವಾಗಿದೆ. ಹಾಲಿನ ದವಡೆಹಲ್ಲನ್ನು ಹುಳುಕಿನಿಂದಾಗಿ ಅಕಾಲದಲ್ಲಿ ಕೀಳಿಸಿದರೆ ಹಿಂದಿನ ಶಾಶ್ವತದಂತ ಮುಂದಕ್ಕೆ ವಾಲಿ, ಕೆಳಗಿನಿಂದ ಬರಬೇಕಾದ ಹಲ್ಲಿಗೆ ಎಡೆಯಿಲ್ಲದೆ ಅದು ಅಡ್ಡಲಾಗಿ ಹುಟ್ಟುತ್ತದೆ ಇಲ್ಲವೆ ಮೂಳೆಯಲ್ಲಿಯೇ ಉಳಿಯುತ್ತದೆ. ಅಂಥಲ್ಲಿ ದಂತವೈದ್ಯರು ತಂತಿಯ ಸಾಧನದಿಂದ ಜಾಗವನ್ನು ಕಾಯ್ದಿಡುತ್ತಾರೆ. ಹಾಲುಹಲ್ಲಿನ ಬೇರಿನಲ್ಲಿ ಕೀವಾದರೆ ಒಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮೆಲಿಗೆ ಊನ ತಟ್ಟಬಹುದು. ಕೋಲಾರ, ಪಾವಗಡ ಮೊದಲಾದ ಕಡೆಗಳಲ್ಲಿರುವಂತೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ ಶಾಶ್ವತದಂತಗಳ ಮೇಲೆ ಬಿಳಿಯ ಇಲ್ಲವೆ ಕಂದು ಕಲೆಗಳು ನಿಲ್ಲುತ್ತವೆ. ಎನಾಮೆಲು ಕಟ್ಟುವ ಮೊದಲ ಎಂಟು ವರ್ಷಗಳಲ್ಲಿ ಮಕ್ಕಳು ಕುಡಿಯುವ ನೀರು ಶುದ್ಧವಾಗಿರಬೇಕಾದುದು ಇದರಿಂದಲೇ. ಸಡಿಲಗೊಂಡ ಹಲ್ಲನ್ನು ಬಲವಂತದಿಂದ ಕೀಳದೆ, ಮಗು ನಾಲಗೆಯಿಂದಾಗಲಿ ತೊಳೆದ ಕೈಯಿಂದಾಗಲಿ ಅಲುಗಿಸಿಕೊಳ್ಳಲು ಬಿಡುವುದು ಒಳಿತು. ಎಲ್ಲಕ್ಕಿಂತ ಹೆಚ್ಚಾಗಿ, ಆರನೆಯ ವರ್ಷದಲ್ಲಿ ಸದ್ದಿಲ್ಲದೆ ಹಿಂದೆ ಹುಟ್ಟುವ ದವಡೆಹಲ್ಲನ್ನು ಹಾಲುಹಲ್ಲೆಂದು ಬಗೆದು ಕಡೆಗಣಿಸಲಾಗದು: ಆಳವಾದ ಗುಳಿಗಳಲ್ಲಿ ಆಹಾರ ತಂಗುವುದರಿಂದ ಹುಳುಕು ಬೇಗ ತಗಲುವ ಈ ಹಲ್ಲನ್ನು ಕಳೆದುಕೊಂಡರೆ ಅದರ ಸ್ಥಾನಕ್ಕೆ ಇನ್ನೊಂದು ಹುಟ್ಟುವುದಿಲ್ಲ.