ಮೈಸೂರಿನ ರಾಜಕೀಯವೂ ತರೀಕೆರೆಯ ಸೀಮೆಯೂ: ಒಂದು ಸಿದ್ಧಾಂತದ ಪರಿಶೀಲನೆ

ಮೈಸೂರು ಸಂಸ್ಥಾನದ ಆಧುನಿಕ ರಾಜಕೀಯವನ್ನು ಅಭ್ಯಸಿಸಿದ ವಿದೇಶೀಯ ರಾಜ್ಯಶಾಸ್ತ್ರಜ್ಞರಲ್ಲಿ ಜೇಮ್ಸ್ ಮ್ಯಾನರ್ ಅವರು ಗಣ್ಯರು. 1977ರಲ್ಲಿ ಪ್ರಕಟವಾದ ಅವರ ಗ್ರಂಥವು 1917ರಿಂದ 1955ರ ವರೆಗಿನ ಮೈಸೂರಿನ ರಾಜಕೀಯ ಪರಿವರ್ತನೆಯನ್ನು ನಿರೂಪಿಸುತ್ತದೆ. ಅದರ ಮುಖ್ಯ ಪ್ರತಿಪಾದನೆ ಹೀಗಿದೆ: ಸಂಸ್ಥಾನದಲ್ಲಿ ರಾಜಕೀಯವು ಎರಡು ಸ್ತರಗಳಲ್ಲಿ ನಡೆಯುತ್ತಿತ್ತು. ಮೇಲಿನದು ಅರಮನೆ, ದಿವಾನರು ಮತ್ತು ನಗರವಾಸಿಗಳಾದ ವಿದ್ಯಾವಂತರದು; ಕೆಳಗಿನದು ಹಳ್ಳಿಯ ಭೂಹಿಡುವಳಿದಾರರದು. ಇವೆರಡಕ್ಕೂ ನಡುವೆ ಸಂಬಂಧವು ಅತ್ಯಲ್ಪವಾಗಿತ್ತು. ಕಾಂಗ್ರೆಸ್ಸು ಪ್ರಬಲವಾದ ಮೇಲೆಯೇ ಈ ಸ್ತರಗಳು ಕೂಡಿಕೊಂಡವು.

ಈ ಪ್ರತಿಪಾದನೆಯನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಅನ್ವಯಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಮಲೆನಾಡೂ ಬಯಲುಸೀಮೆಯೂ ಸಂಧಿಸುವ ಈ ಪ್ರದೇಶವು ರಾಜಧಾನಿಗೆ ದೂರವಾದುದು. 1863ರಲ್ಲಿ ಕಡೂರಿನ ಹೆಸರಿನಲ್ಲಿ ಜಿಲ್ಲೆಯೊಂದು ಏರ್ಪಟ್ಟಿತಾದರೂ 1865ರಲ್ಲಿಯೇ ಅದರ ಮುಖ್ಯ ಕಚೇರಿಯು ಚಿಕ್ಕಮಗಳೂರಿಗೆ ಹೋಯಿತು. ಹೊರಗಿನವರು ಈ ಜಿಲ್ಲೆಯ ರಾಜಕೀಯವೆಂದೊಡನೆ ನೆನೆಯುವುದು 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಗೆದ್ದುದನ್ನು ಮಾತ್ರ. ಅದಕ್ಕೂ ಹಿಂದೆ ಇಲ್ಲಿ ರಾಜಕೀಯವೇ ಇರಲಿಲ್ಲವೆ?

ಮ್ಯಾನರ್ ಅವರು ವಿವರಿಸುವ ಕಾಲಕ್ಕೆ ಅವರ ಮಾತು ಬಹುಮಟ್ಟಿಗೆ ಸಲ್ಲುತ್ತದೆ. 1881ರಲ್ಲಿ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಗೆ ತಾಲ್ಲೂಕುಗಳ ಜಮೀನುದಾರರು ಹೋಗುತ್ತಿದ್ದುದು ನಿಜ. ಆದರೆ ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಸೇರುತ್ತಿದ್ದ ಆ ಸಭೆಗೆ ಅಹವಾಲು ಹೇಳುವ ಅವಕಾಶವಿತ್ತೇ ಹೊರತು ನಿರ್ಣಯಿಸುವ ಅಧಿಕಾರವಿರಲಿಲ್ಲ. 1923ರ ಸುಧಾರಣೆಗಳಿಂದ ಅದಕ್ಕೆ ಶಾಸನದ ಬಲ ಬಂದರೂ ಮತದಾನದ ಹಕ್ಕು ಕೆಲವರಿಗೇ ಸೀಮಿತವಾಗಿತ್ತು. ತಾಲ್ಲೂಕಿನ ದೂರು ಮೈಸೂರನ್ನು ಮುಟ್ಟುತ್ತಿತ್ತು. ತಾಲ್ಲೂಕಿನ ಬಲ ಮುಟ್ಟುತ್ತಿರಲಿಲ್ಲ. 1937ರಲ್ಲಿ ಬ್ರಾಹ್ಮಣೇತರ ಮುಖಂಡರ ಪಕ್ಷವು ಕಾಂಗ್ರೆಸ್ಸಿನಲ್ಲಿ ಲೀನವಾಗಿ, 1947ರಲ್ಲಿ ಜವಾಬ್ದಾರಿ ಸರ್ಕಾರವು ಬಂದ ತರುವಾಯವೇ ಈ ಸ್ಥಿತಿಯು ಮಾರ್ಪಟ್ಟಿತು.

ಆದರೆ ಈ ಅಂತರವು ಅನಾದಿಯಾದುದೆಂದು ನಾವು ಭಾವಿಸಬಾರದು. 1830ರಲ್ಲಿ ನಗರದ ಸೀಮೆಯ ರೈತರು ಕೂಟಗಳಾಗಿ ನೆರೆದು ಕಂದಾಯದ ವಿಷಯದಲ್ಲಿ ಪ್ರತಿಭಟಿಸಿದರು. ನಿಗದಿಯಾದ ಮೊತ್ತವನ್ನು ಒಪ್ಪಿಸುವೆನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುತ್ತಿದ್ದ ಶರ್ತಿನ ಪದ್ಧತಿಯು ಪ್ರಜೆಗಳನ್ನು ಬಹುವಾಗಿ ಪೀಡಿಸಿತ್ತು. ನಗರದ ಅರಸುತನಕ್ಕೆ ತಾನೇ ಹಕ್ಕುದಾರನೆಂದ ಬೂದಿ ಬಸವಪ್ಪನೂ, ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪನಾಯಕ ಮತ್ತು ಸರ್ಜಾ ಹನುಮಪ್ಪನಾಯಕರೂ ಈ ದಂಗೆಯ ಮುಂದಾಳುಗಳಾದರು. ಇದರ ಫಲವಾಗಿ 1831ರಲ್ಲಿ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತೆಗೆದುಕೊಂಡನು. ಹಳ್ಳಿಯ ಕಂದಾಯದಿಂದ ಹುಟ್ಟಿದ ಅಸಮಾಧಾನವೊಂದು ಸಿಂಹಾಸನದ ಅಧಿಕಾರವನ್ನೇ ಐವತ್ತು ವರ್ಷಗಳ ಕಾಲ ಕಳೆಯಿತೆಂದ ಮೇಲೆ, ಎರಡು ಸ್ತರಗಳಿಗೂ ಸಂಬಂಧವಿರಲಿಲ್ಲವೆಂದು ಹೇಳುವುದು ಹೇಗೆ?

ಇಲ್ಲಿ ಒಂದು ಆಕ್ಷೇಪವು ಸಹಜ. ಪಾಳೆಯಗಾರನಿಗೆ ಬೇಕಾಗಿದ್ದುದು ಕಳೆದುಹೋದ ತನ್ನ ಪಾಳೆಯಪಟ್ಟು. ರೈತನಿಗೆ ಬೇಕಾಗಿದ್ದುದು ಕಂದಾಯದ ಇಳಿತ. ಇವೆರಡೂ ಒಂದೇ ಅಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೂ ಭಿನ್ನವಾದ ಈ ಉದ್ದೇಶಗಳು ಕೆಲಕಾಲ ಒಂದುಗೂಡಿದುದೇ ಗಮನಾರ್ಹ. ದಂಗೆಯ ಕಾರಣಗಳನ್ನು ವಿಚಾರಿಸಿ 1833ರಲ್ಲಿ ವರದಿಯನ್ನೊಪ್ಪಿಸಿದ ಸಮಿತಿಯೂ ಆಡಳಿತದ ದೋಷಗಳನ್ನು ಎತ್ತಿ ತೋರಿಸಿತು. ಹನುಮಪ್ಪನಾಯಕನನ್ನು 1834ರಲ್ಲಿ ಗಲ್ಲಿಗೇರಿಸಲಾಯಿತು. ಆ ವರ್ಷವೇ ಮಾರ್ಕ್ ಕಬ್ಬನ್ ಕಮಿಷನರಾಗಿ ಬಂದು 1861ರ ವರೆಗೆ ಆಳಿದನು. ಶರ್ತಿನ ಪದ್ಧತಿಯು ಹೋದುದು ಪ್ರಜೆಗಳಿಗೆ ಹಿತವೇ ಆಯಿತು. ಆದರೆ ಪಾಳೆಯಗಾರರೊಡನೆ ಹಳ್ಳಿಗೂ ರಾಜಧಾನಿಗೂ ನಡುವಣ ಕೊಂಡಿಯೊಂದು ಕಳಚಿತು. ಉಳಿದುದು ಸಂಬಳದ ಅಮಲ್ದಾರನೂ ವಂಶಪಾರಂಪರ್ಯದ ಪಟೇಲ ಶಾನುಭೋಗರೂ. ಮ್ಯಾನರ್ ಅವರು 1917ರಲ್ಲಿ ಕಂಡ ಅಂತರವು ಹೀಗೆ 1831ರ ತರುವಾಯ ನಿರ್ಮಿತವಾದುದೆಂಬುದು ನಮ್ಮ ಅಭಿಪ್ರಾಯ.

ಅಂತರವಿದ್ದಾಗಲೂ ಸರ್ಕಾರವು ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳಾದ ಕಾವಲುಗಳು ಇಲ್ಲಿದ್ದವು. ಆ ತಳಿಯ ಸಂವರ್ಧನ ಕೇಂದ್ರವು ಇಂದಿಗೂ ಅಜ್ಜಂಪುರದಲ್ಲಿದೆ. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗೆಗೆ ರೈಲು ಬಂದಿತು. ಅಂದರೆ ಸರ್ಕಾರವು ಹಳ್ಳಿಯನ್ನು ತಲುಪಿತ್ತು. ಹಳ್ಳಿಯು ಸರ್ಕಾರವನ್ನು ತಲುಪಿರಲಿಲ್ಲ.

ಕೇಂದ್ರದಲ್ಲಿ ನಿಂತು ಅಂಚನ್ನು ನೋಡುವ ಈ ತೊಡಕು ನಮಗೆ ಮಾತ್ರ ಮೀಸಲಲ್ಲ. ಉಕ್ರೇನಿನ ಇತಿಹಾಸಜ್ಞ ಮಿಖಾಯ್ಲೊ ಹ್ರುಶೆವ್ಸ್ಕಿಯವರು 1904ರಷ್ಟು ಹಿಂದೆಯೇ, ಕೀವ್‌ನಿಂದ ಮಾಸ್ಕೋವರೆಗೆ ಒಂದೇ ಸರಣಿಯಾಗಿ ರಷ್ಯದ ಇತಿಹಾಸವನ್ನು ಬರೆಯುವ ರೂಢಿಯನ್ನು ಪ್ರಶ್ನಿಸಿದ್ದರು. ಆ ಸರಣಿಯಲ್ಲಿ ಉಕ್ರೇನಿನ ಜನರ ಸ್ವಂತ ಚರಿತ್ರೆಗೆ ಎಡೆಯಿಲ್ಲವೆಂಬುದು ಅವರ ವಾದ. ಒಂದು ರಾಷ್ಟ್ರದ ಪ್ರಶ್ನೆಯನ್ನು ಮೂರು ಊರುಗಳ ಪ್ರಶ್ನೆಗೆ ಸರಿಗಟ್ಟುವುದು ನಮ್ಮ ಉದ್ದೇಶವಲ್ಲ. ದೃಷ್ಟಿಯ ದೋಷವು ಸಮಾನವೆಂಬುದಷ್ಟೇ ನಮ್ಮ ಮಾತು.

ಮ್ಯಾನರ್ ಅವರ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಓದಬೇಕು. ಆದರೆ 1917ಕ್ಕೆ ಹಿಂದಿನ ಒಂದು ಶತಮಾನವನ್ನು ಅದಕ್ಕೆ ಪೀಠಿಕೆಯಾಗಿ ತಾವೇ ಸೇರಿಸಿಕೊಳ್ಳಬೇಕು. ಹಾಗೆ ಮಾಡದಿದ್ದಲ್ಲಿ, ತಮ್ಮ ಹಿರಿಯರು ರಾಜಕೀಯವನ್ನು ರಾಜಧಾನಿಯಿಂದ ಕಲಿತರೆಂಬ ತಪ್ಪು ತಿಳಿವಳಿಕೆಯು ತರೀಕೆರೆಯ ವಿದ್ಯಾರ್ಥಿಗಳಲ್ಲಿಯೇ ಬೇರೂರೀತು.