ಘಟ್ಟಕ್ಕಿಂತ ಕಡಿದಾದ ಗಡಿ

ಹಗ್ಗದ ರೈಲಿನಲ್ಲಿ ಇಳಿಯುವ ಗಾಡಿಯ ಭಾರವೇ ಏರುವ ಗಾಡಿಯನ್ನು ಮೇಲೆಳೆಯಲು ನೆರವಾಗುತ್ತದೆ. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಲೆಂಗೆ ಇಳಿಯುವ ಘಟ್ಟದ ಹಳಿಗೆ ಆ ಸುಖವಿಲ್ಲ. 37 ಮೀಟರ್ ಸಾಗಿದರೆ 1 ಮೀಟರ್ ಏರು. ಮೇಲೆ ಬರುವ ಗಾಡಿಯನ್ನು ಬೆನ್ನಿಗೆ ನಿಂತ ‘ಬ್ಯಾಂಕರ್’ ಎಂಜಿನುಗಳು ನೂಕಬೇಕು. ಕೆಳಗಿಳಿಯುವ ಗಾಡಿ ಕ್ಯಾಸಲ್‌ರಾಕ್‌ನಲ್ಲಿ ನಿಂತು, ಬ್ರೇಕು ಪರೀಕ್ಷೆ ಮುಗಿಸಿಯೇ ಹೊರಡಬೇಕು. ಹಾಗಾಗಿ ಈ ದಾರಿಯ ಮಾತೆತ್ತಿದರೆ ಎಲ್ಲರೂ ಸುರಂಗಗಳನ್ನು, ದೂಧಸಾಗರ ಜಲಪಾತವನ್ನು ಹೊಗಳುತ್ತಾರೆ. ಹೊಗಳಲಿ. ಆದರೆ ಈ ರೈಲಿನ ಹಣೆಬರಹ ಬರೆದದ್ದು ಗುಡ್ಡವಲ್ಲ, ಗಡಿ.

ಈ ರೈಲು ಹುಟ್ಟಿದ್ದೇ ಕಾಗದದ ಮೇಲೆ. 1878ರ ಒಪ್ಪಂದದಲ್ಲಿ ಬ್ರಿಟಿಷರು ಮತ್ತು ಗೋವೆಯನ್ನಾಳುತ್ತಿದ್ದ ಪೋರ್ಚುಗೀಸರು ತಮ್ಮ ನಡುವಿನ ಸುಂಕದ ಗೋಡೆ ಕೆಡವಿ, ಅಲ್ಲಿನ ಮುರಗಾಂವ್ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ತರಲು ಒಪ್ಪಿದರು. ಗೋವೆಯ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರಿಗೆ ಹೋಯಿತು. ಬದಲಿಗೆ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ರೈಲು ಕಂಪನಿಗೆ ಪೋರ್ಚುಗೀಸ್ ಸರ್ಕಾರ ಕೊಟ್ಟ ಬಡ್ಡಿಯ ಖಾತರಿಗೆ ಆ ದುಡ್ಡೇ ಆಧಾರ. ಬಂಡೆ ಕಡಿಯಲು ತಂದ ಸಾಲಕ್ಕೆ ಉಪ್ಪು ಒತ್ತೆ ಬಿತ್ತು ಎನ್ನಬೇಕು. 1888ರಲ್ಲಿ ಹಳಿ ಘಟ್ಟ ಹತ್ತಿತು. 1892ರಲ್ಲಿ ಒಪ್ಪಂದವೇ ಮುಗಿದು ಸುಂಕದ ಗೋಡೆ ಮತ್ತೆ ಎದ್ದಿತು. ಕಾಡಿನ ನಡುವಿನ ಕ್ಯಾಸಲ್‌ರಾಕ್ ಸುಂಕದ ಕಟ್ಟೆಯಾಯಿತು. ಘಟ್ಟದ ಬುಡದಲ್ಲಿ ಕುಲೆಂ ಅದರ ಪೋರ್ಚುಗೀಸ್ ಜೋಡಿ.

ಏರು ದುಬಾರಿ, ಅದಕ್ಕೇ ಈ ದಾರಿ ಮುಂಬಯಿ ಬಂದರಿನ ಮುಂದೆ ಸೊರಗಿತು ಎಂದು ವಾದಿಸಬಹುದು. ಹೆಚ್ಚುವರಿ ಎಂಜಿನು, ನಿಧಾನದ ಓಟ, ಮಳೆಗಾಲದ ಕುಸಿತ, ಎಲ್ಲವೂ ಖರ್ಚಿನ ಬಾಬತ್ತೇ, ಅಲ್ಲಗಳೆಯುವಂತಿಲ್ಲ. ಆದರೆ ಖರ್ಚು ಗಾಡಿಯನ್ನು ನಿಧಾನಗೊಳಿಸಿತೇ ಹೊರತು ನಿಲ್ಲಿಸಲಿಲ್ಲ. 1955ರಲ್ಲಿ ಗೋವಾ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರ ಗುಂಡು ಹಾರಿದಾಗ ಗಡಿ ಮುಚ್ಚಿತು, ರೈಲೂ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾಗುವವರೆಗೆ ಘಟ್ಟದಲ್ಲಿ ಗಡಿ ದಾಟುವ ಗಾಡಿಯೇ ಇರಲಿಲ್ಲ. ಅಷ್ಟು ವರ್ಷವೂ ಗುಡ್ಡ ಇದ್ದಲ್ಲೇ ಇತ್ತು, ಇದ್ದಷ್ಟೇ ಎತ್ತರವಿತ್ತು.

ಗಡಿಯ ಜೊತೆಗೆ ಸುಂಕದ ಕಟ್ಟೆಯ ಕೆಲಸವೂ ಮುಗಿಯಿತು, ಬ್ಯಾಂಕರ್‌ಗಳು ಉಳಿದವು. ಈಗ ಅವು ನೂಕುವುದರಲ್ಲಿ ಮುರಗಾಂವ್‌ನಲ್ಲಿ ಇಳಿದು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲೂ ಇದೆ. ಆ ಭಾರಕ್ಕೆಂದು ಘಟ್ಟದಲ್ಲಿ ಜೋಡಿಹಳಿ ಹಾಕುವ ಯೋಜನೆ ಬಂತು. ಈ ಸಲ ಅಡ್ಡ ಬಂದದ್ದು ಇನ್ನೊಂದು ಗಡಿ, ಕಾಡಿನದು: ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು.